ಹಚಿ-ರೊಕು ರಾಮನಗರಕ್ಕೆ ಬರಬಹುದೇ?

ನಮ್ಮಕ್ಕನ ಮಗ ಜಪಾನಿನ ನಗೋಯಾದಲ್ಲಿದ್ದಾನೆ. ಹೋಗಿ ನಾಲ್ಕು ವರ್ಷವಾಯಿತು. ಭಾನುವಾರ ಬೆಳಿಗ್ಗೆ ನಮ್ಮನೆಯಲ್ಲಿ ಇಡ್ಲಿ ಬೇಯುವ ಹೊತ್ತಿಗೆ ಅವನಿಗಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತದೆ. ಆಗ ಫೋನು ಬರುವುದು ವಾಡಿಕೆ. ಮಳೆ ಬಂತಾ, ಅಮ್ಮನ ಮಂಡಿನೋವು ಹೇಗಿದೆ, ರೇಷ್ಮೆಗೂಡಿನ ರೇಟು ಎಷ್ಟಾಯ್ತು ಎಂದೆಲ್ಲ ಕೇಳಿ ಮುಗಿಸುತ್ತಾನೆ. ಆವತ್ತು ಮಾತ್ರ ಫೋನು ಇಡಲಿಲ್ಲ.

“ಮಾವ, ಮುಂದಿನ ವರ್ಷ ಊರಿಗೇ ಬಂದ್ಬಿಡ್ತೀನಿ.”

“ಬಾರೋ ಕಂದ. ನಿಮ್ಮಮ್ಮ ದಿನಾ ಅದನ್ನೇ ಕಾಯ್ತಾವಳೆ.”

“ಬರೋವಾಗ ಒಂದ್ ಕಾರು ತರೋಣ ಅಂತ. ಹಳೇದು. ಸ್ಪೋರ್ಟ್ಸ್ ಕಾರು.”

ಎರಡು ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ ಟೊಯೊಟಾ 86 ಅದು. 2012ರಲ್ಲಿ ಟೊಯೊಟಾದವರೂ ಸುಬಾರುನವರೂ ಕೂಡಿ ಮಾಡಿದ್ದು. ಎರಡು ಲೀಟರಿನ ಎಂಜಿನ್ನು. ಅದರ ನಾಲ್ಕು ಸಿಲಿಂಡರುಗಳು ನಿಂತುಕೊಂಡಿರುವುದಿಲ್ಲ, ಎರಡೆರಡಾಗಿ ಎದುರುಬದುರು ಮಲಗಿರುತ್ತವೆ. ಹಾಗಾಗಿ ಭಾರವೆಲ್ಲ ಕೆಳಗೆ, ತಿರುವಿನಲ್ಲಿ ಕಾರು ವಾಲುವುದು ಕಡಿಮೆ. 86 ಎಂಬ ಹೆಸರು 1983ರ ಎಇ86 ಎಂಬ ಕೊರೋಲಾದಿಂದ ಬಂದದ್ದು. ಜಪಾನಿನವರು ಅದನ್ನು ‘ಹಚಿ-ರೊಕು’ ಅನ್ನುತ್ತಾರೆ. ಹಚಿ ಅಂದರೆ ಎಂಟು, ರೊಕು ಅಂದರೆ ಆರು. ಇದನ್ನೆಲ್ಲ ಅವನು ಉಸಿರು ಬಿಡದೆ ಹೇಳಿದ. ಆ ದನಿ ನನಗೆ ಗೊತ್ತಿದ್ದದ್ದೇ. ಮೂರು ವರ್ಷದವನಿದ್ದಾಗ ಚನ್ನಪಟ್ಟಣದ ಅಂಗಡಿಯ ಮುಂದೆ ಕೆಂಪು ಬಣ್ಣದ ಮರದ ಕಾರು ಹಿಡಿದುಕೊಂಡು ಬಿಡೆನೆಂದು ಕೂತಾಗಲೂ ಇದೇ ದನಿಯಿತ್ತು.

ಆ ಕಾರು ಈಗಲೂ ಅಕ್ಕನ ಮನೆಯ ಗೂಡಿನಲ್ಲಿದೆ. ಹಾಲೆ ಮರದ್ದು. ಬಿಳಿಯಾಗಿ ನುಣುಪಾಗಿರುವ ಆ ಮರವನ್ನು ಲೇತಿನಲ್ಲಿ ತಿರುಗಿಸಿ, ಉಳಿ ಹಿಡಿದು ಚಕ್ರವನ್ನೂ ಮೈಯನ್ನೂ ಕಡೆಯುತ್ತಾರೆ. ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರದೊಳಕ್ಕೆ ಇಳಿಯುತ್ತದೆ. ಮೇಲೊಂದು ಒಣಗಿದ ಕೇದಗೆ ಗರಿ ಹಿಡಿದರೆ ಹೊಳಪು ಬರುತ್ತದೆ. ಮಗು ಬಾಯಿಗಿಟ್ಟುಕೊಂಡರೂ ಬಣ್ಣ ಬಿಡುವುದಿಲ್ಲ. ಮೂವತ್ತು ವರ್ಷದ ಹಿಂದಿನ ಆ ಕಾರಿನ ಕೆಂಪು ಇವತ್ತಿಗೂ ಮಾಸಿಲ್ಲ. ಒಂದು ಚಕ್ರ ಮಾತ್ರ ಒಮ್ಮೆ ಸೀಳಿತ್ತು. ಅದೇ ಬೀದಿಗೆ ಹೋದೆ, ಅದೇ ಅಳತೆಯ ಚಕ್ರ ಕಡೆದು ಕೊಟ್ಟರು, ಹತ್ತು ನಿಮಿಷದ ಕೆಲಸ. ಈ ಚಕ್ರದ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮತ್ತೆ ಅಲ್ಲಿಗೇ ಬರುತ್ತೇನೆ.

ಕಾರನ್ನು ನೀನು ನೋಡಿ ಬಂದೆಯಾ ಎಂದು ಕೇಳಿದೆ. ಇಲ್ಲವಂತೆ. ಹರಾಜಿನ ಹಾಳೆ ನೋಡಿದ್ದಾನಂತೆ. ಜಪಾನಿನಲ್ಲಿ ಹಳೆಯ ಕಾರುಗಳು ದೊಡ್ಡ ದೊಡ್ಡ ಹರಾಜುಕಟ್ಟೆಗಳಿಗೆ ಬರುತ್ತವೆ. ಅಲ್ಲಿ ಪರೀಕ್ಷಕರು ಪ್ರತಿ ಕಾರನ್ನೂ ನೋಡಿ ಒಂದು ಹಾಳೆ ಬರೆಯುತ್ತಾರೆ. ಒಟ್ಟು ದರ್ಜೆ ಐದು, ನಾಲ್ಕೂವರೆ, ನಾಲ್ಕು, ಮೂರೂವರೆ ಎಂದು ಇಳಿಯುತ್ತದೆ. ಅಪಘಾತವಾಗಿ ರಿಪೇರಿಯಾಗಿದ್ದರೆ ಸಂಖ್ಯೆಯ ಬದಲು ‘ಆರ್’ ಅಕ್ಷರ. ಒಳಭಾಗಕ್ಕೆ ಎ, ಬಿ, ಸಿ ಎಂದು ಬೇರೆ ದರ್ಜೆ. ಕಾರಿನ ನಕ್ಷೆಯೊಂದರ ಮೇಲೆ ಎಲ್ಲಿ ಗೀರು, ಎಲ್ಲಿ ತಗ್ಗು, ಎಲ್ಲಿ ಮತ್ತೆ ಬಣ್ಣ ಬಳಿದದ್ದು ಎಂದು ಗುರುತು ಹಾಕಿರುತ್ತಾರೆ. ಸಾವಿರಾರು ಮೈಲಿ ಆಚೆ ಕೂತವರೂ ಆ ಹಾಳೆ ನಂಬಿ ಕೊಳ್ಳುತ್ತಾರೆ. ಕೀನ್ಯಾ, ಶ್ರೀಲಂಕಾ, ನ್ಯೂಜಿಲೆಂಡ್‌ನ ಬೀದಿಗಳಲ್ಲಿ ಓಡುವ ಎಷ್ಟೋ ಕಾರುಗಳು ಹೀಗೆ ಬಂದವು. ಆ ದೇಶಗಳಲ್ಲೂ ಜಪಾನಿನಂತೆ, ನಮ್ಮಂತೆ, ಎಡಕ್ಕೆ ಓಡಿಸುತ್ತಾರೆ, ಬಲಕ್ಕೆ ಸ್ಟೇರಿಂಗು.

ಇದನ್ನು ಕೇಳುತ್ತಿದ್ದಂತೆ ನನಗೆ ನಮ್ಮ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಕಣ್ಣಮುಂದೆ ಬಂತು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಬೆಳಿಗ್ಗೆ ಹೋದರೆ ಜಾಲರಿಗಳ ತುಂಬ ಗೂಡು. ಒಂದೊಂದು ರೈತನದು ಒಂದೊಂದು ಲಾಟು. ನೂಲು ತೆಗೆಯುವ ರೀಲರು ಬಂದು ಒಂದು ಹಿಡಿ ಗೂಡು ಎತ್ತುತ್ತಾನೆ. ಬೆರಳಲ್ಲಿ ಅದುಮಿ ಗಟ್ಟಿ ನೋಡುತ್ತಾನೆ. ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗಿನ ಹುಳು ಸರಿಯಿದೆಯೋ ಸತ್ತು ಅಂಟಿದೆಯೋ ಆ ಸದ್ದೇ ಹೇಳುತ್ತದೆ. ಈಗ ಹರಾಜು ಕಂಪ್ಯೂಟರಿನಲ್ಲಿ, ರೀಲರು ಮೊಬೈಲಿನಲ್ಲೇ ಬೆಲೆ ಒತ್ತುತ್ತಾನೆ. ಗೂಡನ್ನು ಮುಟ್ಟುವುದನ್ನು ಮಾತ್ರ ಬಿಟ್ಟಿಲ್ಲ.

ಮಾಗಡಿಯ ರಂಗನಾಥಸ್ವಾಮಿ ದನಗಳ ಜಾತ್ರೆಯಲ್ಲೂ ಅಷ್ಟೇ. ಹಳ್ಳಿಕಾರ್ ಹೋರಿ ಕೊಳ್ಳುವವನು ಮೊದಲು ಬಾಯಿ ಬಿಡಿಸುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ವಯಸ್ಸಿನ ಲೆಕ್ಕ ಅಲ್ಲಿದೆ. ಆಮೇಲೆ ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ವ್ಯಾಪಾರ ಟವೆಲಿನ ಕೆಳಗೆ, ಬೆರಳು ಹಿಡಿದು. ನಮ್ಮಪ್ಪ ಹೇಳುತ್ತಿದ್ದರು: ಎತ್ತು ಕೊಳ್ಳೋದು ಜಾತ್ರೆಯ ದಿನದ್ದು, ಸಾಕೋದು ಮುನ್ನೂರರವತ್ತು ದಿನದ್ದು.

ಹರಾಜಿನ ಹಾಳೆಯನ್ನು ನಾನು ಕೀಳಾಗಿ ಕಾಣುತ್ತಿಲ್ಲ. ಒಂದು ದೇಶದ ಜನ ಹಳೆಯ ಕಾರಿನ ಗೀರನ್ನೂ ಮುಚ್ಚಿಡದೆ ಬರೆದುಕೊಡುತ್ತಾರೆಂದರೆ ಅದು ದೊಡ್ಡ ಗುಣ. ಜಪಾನಿನಲ್ಲಿ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆಯಿದೆ. ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಖರ್ಚು ಜಾಸ್ತಿ. ಹಾಗಾಗಿ ಎಷ್ಟೋ ಜನ ಚೆನ್ನಾಗಿರುವ ಕಾರನ್ನೇ ಮಾರಿಬಿಡುತ್ತಾರೆ. ಅಲ್ಲಿ ಹಳೆಯ ಕಾರು ಅಗ್ಗ, ಸ್ಥಿತಿ ಒಳ್ಳೆಯದು. ನಮ್ಮ ಹುಡುಗನ ಕಣ್ಣು ಬಿದ್ದದ್ದೂ ಹತ್ತು ವರ್ಷ ಹಳೆಯ ಅಂಥದೊಂದರ ಮೇಲೆ.

“ನಮ್ದೂ ಬಲಗಡೆ ಸ್ಟೇರಿಂಗು, ಅವ್ರದ್ದೂ ಬಲಗಡೆ. ಬಿಡದೀಲಿ ಟೊಯೊಟಾ ಫ್ಯಾಕ್ಟರಿನೇ ಐತೆ. ಏನ್ ಕಷ್ಟ ಮಾವ?” ಅಂದ.

ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು. ಕಷ್ಟ ಎಷ್ಟೆಂದು ಲೆಕ್ಕ ಹಾಕದೆ ಉತ್ತರ ಹೇಳಲು ಮನಸ್ಸು ಬರಲಿಲ್ಲ. ಒಂದು ವಾರ ಸಮಯ ಕೇಳಿದೆ. ಕಾಯ್ದೆ ಓದಿದೆ, ತಿಳಿದವರನ್ನು ಕೇಳಿದೆ.

ಮೊದಲನೆಯ ಮಾತು. ವಿದೇಶದಿಂದ ವಾಪಸು ಬರುವವರು ಮನೆ ಸಾಮಾನಿನ ಜೊತೆ ಕಾರನ್ನೂ ಸೇರಿಸಿಕೊಂಡು ಬರಬಹುದು ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. 1962ರ ಕಸ್ಟಮ್ಸ್ ಕಾಯ್ದೆಯ ಎರಡನೆಯ ಸೆಕ್ಷನ್ನಿನಲ್ಲೇ ಬ್ಯಾಗೇಜು ಎಂದರೆ ಏನೆಂದು ಬರೆದಿದೆ. ಮೋಟಾರು ವಾಹನ ಅದರಲ್ಲಿ ಸೇರುವುದಿಲ್ಲ ಎಂದೂ ಅಲ್ಲೇ ಬರೆದಿದೆ. ಫ್ರಿಜ್ಜು, ಟಿವಿಯ ರಿಯಾಯಿತಿ ಕಾರಿಗೆ ಸಲ್ಲುವುದಿಲ್ಲ.

ಎರಡನೆಯದು ವಯಸ್ಸು. ಹೊರದೇಶದ ಬಳಸಿದ ಕಾರು ಭಾರತಕ್ಕೆ ಬರಬೇಕಾದರೆ ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟೇರಿಂಗು ಬಲಕ್ಕಿರಬೇಕು, ಸ್ಪೀಡೋಮೀಟರು ಕಿಲೋಮೀಟರಿನಲ್ಲಿರಬೇಕು, ಹೆಡ್‌ಲೈಟಿನ ಬೆಳಕು ಎಡಕ್ಕೆ ಓಡಿಸುವ ದೇಶಕ್ಕೆ ಹೊಂದಬೇಕು. ಹೊರಡುವ ಮೊದಲು ಅಲ್ಲಿ ಪರೀಕ್ಷೆಯ ಪ್ರಮಾಣಪತ್ರ ಆಗಬೇಕು. ಹಡಗಿನಿಂದ ಇಳಿಸುವುದು ಮುಂಬಯಿ ಬಂದರಿನಲ್ಲಿ ಮಾತ್ರ. ಹತ್ತಿರ ಎಂದು ಚೆನ್ನೈಗೋ ಮಂಗಳೂರಿಗೋ ತರುವಂತಿಲ್ಲ. ಇಳಿದ ಮೇಲೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಮತ್ತೆ ಪರೀಕ್ಷೆ. ಇವೆಲ್ಲಕ್ಕಿಂತ ನನ್ನ ಗಮನ ಹಿಡಿದ ಷರತ್ತು ಇನ್ನೊಂದು: ಬಂದ ದಿನದಿಂದ ಐದು ವರ್ಷ ಆ ಕಾರು ರಸ್ತೆಗೆ ಯೋಗ್ಯವಾಗಿರಬೇಕು, ಆ ಐದು ವರ್ಷವೂ ಭಾರತದಲ್ಲಿ ಅದಕ್ಕೆ ಸರ್ವಿಸ್ ಸಿಗುತ್ತದೆ ಎಂದು ತರುವವರು ಭರವಸೆ ಕೊಡಬೇಕು.

ಅಂದರೆ ಹತ್ತು ವರ್ಷದ ಹಚಿ-ರೊಕು ಬರುವ ಹಾಗಿಲ್ಲ. ಬರುವುದಾದರೆ ಅದರ ತಮ್ಮ, 2021ರಿಂದ ಬರುತ್ತಿರುವ 2.4 ಲೀಟರಿನ ಜಿಆರ್86, ಅದೂ ಮೂರು ವರ್ಷದೊಳಗಿನದು. ಹಳೆಯದು ಅಗ್ಗ ಎಂಬ ಅವನ ಲೆಕ್ಕ ಅಲ್ಲಿಗೇ ಕೆಟ್ಟಿತು. ಅಮೆರಿಕದಲ್ಲಿ ಕಾಯ್ದೆ ನಮಗೆ ತಿರುವುಮುರುವು. ಅಲ್ಲಿ ತಮ್ಮ ದೇಶದ ನಿಯಮಕ್ಕೆ ಹೊಂದದ ಕಾರು 25 ವರ್ಷ ತುಂಬಿದ ಮೇಲೆ ಬರಬಹುದು. 1999ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ಗಾಗಿ ಅಲ್ಲಿಯ ಹುಡುಗರು 2024ರ ತನಕ ಕಾದರು. ನಮ್ಮಲ್ಲಿ ಎಳೆಯದಕ್ಕೆ ಬಾಗಿಲು, ಇಲ್ಲವೇ ತೀರಾ ಮುದಿಯಾದದ್ದಕ್ಕೆ. 50 ವರ್ಷ ದಾಟಿದ ವಿಂಟೇಜ್ ಕಾರಿಗೆ 2021ರಿಂದ ಬೇರೆಯೇ ನೋಂದಣಿ ಇದೆ. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ ‘ವಿಎ’ ಎಂದಿರುತ್ತದೆ. ಹತ್ತು ವರ್ಷಕ್ಕೆ 20,000 ರೂಪಾಯಿ. ನಿತ್ಯದ ಓಡಾಟಕ್ಕೆ ಅವು ಬರುವ ಹಾಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ ಬಂದರೆ ಸರಿ.

ಮೂರನೆಯದು ಸುಂಕ. ಬಳಸಿದ ಕಾರಿನ ಮೂಲ ಸುಂಕ ಹಲವು ವರ್ಷ ಶೇ. 125 ಇತ್ತು. ಮೇಲೆ ಸಮಾಜ ಕಲ್ಯಾಣ ಸರ್‌ಚಾರ್ಜು ಸೇರಿ 137.5. 2025ರ ಬಜೆಟ್ಟಿನಲ್ಲಿ ಮೂಲ ಸುಂಕವನ್ನು 70ಕ್ಕೆ ಇಳಿಸಿದರು ಎಂದು ಕೇಳಿ ನಮ್ಮ ಹುಡುಗ ಹಿಗ್ಗಿದ್ದ. ಆದರೆ ಅದೇ ಬಜೆಟ್ಟಿನಲ್ಲಿ ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ ಎಂದು 67.5 ಸೇರಿತು. ಕೂಡಿದರೆ ಮತ್ತೆ 137.5. ಇದರ ಮೇಲೆ, 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಶೇ. 40 ಜಿಎಸ್‌ಟಿ.

ಲೆಕ್ಕ ಸುಲಭವಾಗಲೆಂದು ಕಾರು, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ 10 ಲಕ್ಷ ಎಂದಿಟ್ಟುಕೊಳ್ಳೋಣ. ಸುಂಕ 13.75 ಲಕ್ಷ, ಒಟ್ಟು 23.75. ಅದರ ಮೇಲೆ ಶೇ. 40 ಎಂದರೆ 9.5 ಲಕ್ಷ. ಅಲ್ಲಿಗೆ 33.25 ಲಕ್ಷ. ಆಮೇಲೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ. 20 ಲಕ್ಷ ಮೀರಿದ ಕಾರಿಗೆ ಶೇ. 18. ಅದು ಸುಮಾರು 6 ಲಕ್ಷ. ಹತ್ತು ಲಕ್ಷದ ಕಾರು ರಾಮನಗರದ ಮನೆ ಮುಂದೆ ನಿಲ್ಲುವ ಹೊತ್ತಿಗೆ 39 ಲಕ್ಷ ದಾಟುತ್ತದೆ. ಪರೀಕ್ಷೆಗಳ ಖರ್ಚು, ಮುಂಬಯಿಯಿಂದ ಲಾರಿಯ ಬಾಡಿಗೆ ಬೇರೆ. ಬಿಲ್ಲಿನಲ್ಲಿ ಕಡಿಮೆ ಬರೆಸಿದರೆ ಆಯಿತು ಎನ್ನುವವರೂ ಇದ್ದಾರೆ. ಕಸ್ಟಮ್ಸಿನವರು ಬಿಲ್ಲನ್ನು ಕಣ್ಣುಮುಚ್ಚಿ ಒಪ್ಪುವುದಿಲ್ಲ. ಕಾರು ಹೊಸದಿದ್ದಾಗಿನ ಬೆಲೆಯಿಂದ ಸವಕಳಿ ಕಳೆದು ತಾವೇ ಲೆಕ್ಕ ಹಾಕುತ್ತಾರೆ.

ಸುಂಕದ ಮಾತು ಬಂದರೆ ನಮ್ಮ ಕಾಲದವರಿಗೆ ಸಚಿನ್ ತೆಂಡೂಲ್ಕರ್ ಅವರ ಫೆರಾರಿ ನೆನಪಾಗದೆ ಇರದು. ಬ್ರಾಡ್ಮನ್ನರ 29 ಟೆಸ್ಟ್ ಶತಕಗಳನ್ನು ಸರಿಗಟ್ಟಿದ್ದಕ್ಕೆ 2002ರಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಮೈಕೆಲ್ ಶುಮಾಕರ್ ಕೈಯಿಂದ ಕೊಡಿಸಿದ 360 ಮೊಡೆನಾ ಅದು. ಸುಂಕ 1.13 ಕೋಟಿ ರೂಪಾಯಿ. 2003ರಲ್ಲಿ ಸರ್ಕಾರ ಮನ್ನಾ ಮಾಡಿತು. ದೇಶದಲ್ಲೆಲ್ಲ ಮಾತು ಎದ್ದಿತು, ನ್ಯಾಯಾಲಯಕ್ಕೂ ಹೋಯಿತು. ಕೊನೆಗೆ ಉಡುಗೊರೆ ಕೊಟ್ಟ ಫಿಯೆಟ್ ಕಂಪನಿಯೇ ಆ ಸುಂಕ ತುಂಬಲು ಒಪ್ಪಿತು. ಅವತ್ತು ನಾನು ತರಗತಿಯಲ್ಲಿ ಮಕ್ಕಳಿಗೆ ಶೇಕಡಾವಾರು ಲೆಕ್ಕವನ್ನು ಅದರಿಂದಲೇ ಹೇಳಿಕೊಟ್ಟೆ. ದೇಶವೇ ಹೆಗಲ ಮೇಲೆ ಹೊತ್ತ ಆಟಗಾರನ ಕಾರಿಗೂ ಸುಂಕ ಬಂತು ಎಂಬುದು ಮಕ್ಕಳಿಗೆ ಬಹಳ ಹಿಡಿಸಿತ್ತು.

ಈ ಭಾರಕ್ಕೆ ಹೆದರಿ ಅಡ್ಡದಾರಿ ಹಿಡಿಯುವವರ ಸುದ್ದಿ ವರ್ಷ ವರ್ಷ ಬರುತ್ತದೆ. ಭೂತಾನದ ಮೂಲಕ ಕಳ್ಳತನದಲ್ಲಿ ನುಸುಳಿದ ಹಳೆಯ ವಾಹನಗಳಿಗಾಗಿ 2025ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸಿನವರು ಕೇರಳದಲ್ಲಿ ಶೋಧ ನಡೆಸಿದರು. ಕಾರ್ಯಾಚರಣೆಯ ಹೆಸರು ‘ನುಮ್‌ಖೋರ್’, ಭೂತಾನದ ಭಾಷೆಯಲ್ಲಿ ವಾಹನ ಎಂದರ್ಥ. ಅದೇ ವರ್ಷ ಬೆಂಗಳೂರಿನಲ್ಲಿ ಹೊರರಾಜ್ಯದ ನಂಬರು ಹಾಕಿಸಿಕೊಂಡು ಓಡುತ್ತಿದ್ದ ದುಬಾರಿ ಕಾರುಗಳನ್ನು ಸಾರಿಗೆ ಇಲಾಖೆ ಹಿಡಿಯಿತು. ಒಂದು ಫೆರಾರಿಯಿಂದಲೇ ಕೋಟಿಗೂ ಮೀರಿ ತೆರಿಗೆ ಬಂತು. ಕಳ್ಳದಾರಿಯ ಕಾರನ್ನು ಕೊಂಡವನಿಗೆ ರಾತ್ರಿ ನಿದ್ದೆಯಿಲ್ಲ. ಮನೆ ಮುಂದೆ ನಿಲ್ಲಿಸಲು ಹೆದರಬೇಕಾದ ವಸ್ತುವಿನಿಂದ ಸಂತೋಷ ಹೇಗೆ ಬರುತ್ತದೆ? ತರುವುದಾದರೆ ಮುಂಬಯಿಯ ಮುಂಬಾಗಿಲಿನಿಂದ ತಾ, ಇಲ್ಲವಾದರೆ ಬೇಡ ಎಂದು ಹುಡುಗನಿಗೆ ಕಡ್ಡಿ ಮುರಿದಂತೆ ಹೇಳಿದೆ. ಅವನೂ ಅಂಥವನಲ್ಲ.

ತಂದೆವೆಂದೇ ಇಟ್ಟುಕೊಳ್ಳೋಣ. ಓಡಿಸುವುದೆಲ್ಲಿ? ನಮ್ಮೂರ ಪಕ್ಕದಲ್ಲೇ ಬೆಂಗಳೂರು–ಮೈಸೂರು ಹೆದ್ದಾರಿ ಇದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದದ್ದು. ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲವನ್ನೂ ಹೊರಗಿಟ್ಟು ಬೈಪಾಸಿನಲ್ಲಿ ಹಾದುಹೋಗುತ್ತದೆ. ಹಳೆಯ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರುಗಳು ಈಗ ಮೇಲೆಯೇ ಹೋಗಿಬಿಡುತ್ತವೆ. ನನಗದು ನೋವಿನ ಸಂಗತಿ. ಆ ರಸ್ತೆ ತೆರೆದ ಹೊಸದರಲ್ಲಿ ಎಷ್ಟು ಸಾವುಗಳಾದವೆಂದರೆ ದಿನಪತ್ರಿಕೆ ಬಿಡಿಸಲು ಮನಸ್ಸಾಗುತ್ತಿರಲಿಲ್ಲ. 2023ರ ಆಗಸ್ಟಿನಿಂದ ಬೈಕು, ಆಟೋ ನಿಷೇಧವಾಯಿತು. ಕಾರಿನ ಮಿತಿ ಗಂಟೆಗೆ 100 ಕಿಲೋಮೀಟರ್, ಅಳೆಯಲು ಕ್ಯಾಮೆರಾಗಳಿವೆ. 2024ರ ಆಗಸ್ಟಿನಿಂದ 130 ಮೀರಿದರೆ ಎಫ್‌ಐಆರ್. ಹಾಗಾಗಬೇಕಾದದ್ದೇ. ಹೆದ್ದಾರಿಯೆಂದರೆ ಹತ್ತೂರಿನ ಜನ ಮಕ್ಕಳುಮರಿ ಕಟ್ಟಿಕೊಂಡು ಹೋಗುವ ದಾರಿ. ಪಂದ್ಯದ ಕಣ ಅಲ್ಲ.

ತಿರುವಿನ ರಸ್ತೆ ಬೇಕೆಂದರೆ ಕನಕಪುರದಿಂದ ಸಂಗಮಕ್ಕೆ, ಮೇಕೆದಾಟಿನ ಕಡೆಗೆ ಇಳಿಯುವ ದಾರಿಯಿದೆ. ಮಾಗಡಿಯಿಂದ ಸಾವನದುರ್ಗದ ಬುಡಕ್ಕೆ, ಮಂಚನಬೆಲೆ ಜಲಾಶಯದ ಬದಿಗೆ ಸುತ್ತುವ ದಾರಿಯಿದೆ. ಬೆಳಗಿನ ಜಾವ ಆ ಬಂಡೆಯ ಮೇಲೆ ಬಿಸಿಲು ಬೀಳುವಾಗ ಆ ದಾರಿಯಲ್ಲಿ ಹೋಗುವುದೇ ಒಂದು ಭಾಗ್ಯ. ಆದರೆ ಊರಿಗೆ ಮೂರು ಹಂಪು. ಶಾಲೆಯ ಮುಂದೊಂದು, ದೇವಸ್ಥಾನದ ಮುಂದೊಂದು, ಡೈರಿಯ ಮುಂದೊಂದು. ಹಚಿ-ರೊಕುವಿನ ಹೊಟ್ಟೆಗೂ ನೆಲಕ್ಕೂ ಐದೇ ಅಂಗುಲ. ಒಕ್ಕಣೆಯ ಕಾಲದಲ್ಲಿ ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಕಲ್ಲಿನ ಲಾರಿಗಳು ಎದುರು ಬರುತ್ತವೆ. ರಸ್ತೆಗೆ ತಕ್ಕ ಗಾಡಿ ಎಂದು ಹಿರಿಯರು ಹೇಳುತ್ತಿದ್ದದ್ದು ಎತ್ತಿನ ಗಾಡಿಯ ಮಾತೇ ಆದರೂ ಇಲ್ಲಿಗೂ ಸಲ್ಲುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿಕೊಂಡು ನಾನು ಹಳೆ ಮೈಸೂರು ರಸ್ತೆಯ ಗ್ಯಾರೇಜಿನ ಭಾಯ್ ಹತ್ತಿರ ಹೋದೆ. ನಲವತ್ತು ವರ್ಷದ ಪರಿಚಯ. ನಮ್ಮಪ್ಪನ ಹಳೇ ಪದ್ಮಿನಿ ಕಾರನ್ನು ಬದುಕಿಸಿಟ್ಟಿದ್ದ ಕೈ ಅದು. ಆ ಕಾರಿಗೆ ಯಾವ ಸಾಮಾನು ಬೇಕಾದರೂ ಭಾಯ್ ಚೀಟಿ ಬರೆದುಕೊಡುತ್ತಿದ್ದರು, ನಾನು ಬಸ್ಸಿನಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ತರುತ್ತಿದ್ದೆ. ಸಂಜೆಗೆ ಕಾರು ಸಿದ್ಧ.

ಹುಡುಗನ ಆಸೆ ಹೇಳಿದೆ. ಭಾಯ್ ಕೈ ಒರೆಸಿಕೊಂಡು ಫೋನಿನಲ್ಲಿ ಚಿತ್ರ ನೋಡಿದರು. ನೋಡುತ್ತಲೇ ಇದ್ದರು.

“ಚೆನ್ನಾಗೈತೆ ಮೇಷ್ಟ್ರೇ. ಎಂಜಿನ್ ಅಡ್ಡ ಮಲ್ಗೈತೆ. ನಾನು ಇದನ್ನ ಬಿಚ್ಚಿಲ್ಲ. ಪ್ಲಗ್ ತೆಗೀಬೇಕಂದ್ರೂ ಪಕ್ಕದಿಂದ ಕೈ ಹಾಕ್ಬೇಕು. ಕಲಿಯೋಕೆ ನಂಗಿಷ್ಟ. ಆದ್ರೆ ಒಂದ್ ಸೆನ್ಸರ್ ಹೋದ್ರೆ ಎಲ್ಲಿಂದ ತರ್ತೀರಿ?”

ಅದೇ ಪ್ರಶ್ನೆ. ಆ ಐದು ವರ್ಷದ ಸರ್ವಿಸ್ ಷರತ್ತನ್ನು ಬರೆದವರು ಯಾರೋ ತಿಳಿಯದು, ಅವರು ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದವರೇ ಇರಬೇಕು ಅನ್ನಿಸಿತು. ವಯಸ್ಸಿನ ಮಿತಿ, ಒಂದೇ ಬಂದರು, ಇಷ್ಟು ಸುಂಕ, ಇವೆಲ್ಲ ಸರಿಯೋ ತಪ್ಪೋ ಎಂದು ವಾದಿಸಬಹುದು. ರಿಪೇರಿ ಮಾಡುವವರಿಲ್ಲದ ಯಂತ್ರ ಊರಿಗೆ ಬೇಡ ಎಂಬ ಮಾತನ್ನು ವಾದಿಸಲು ಬರುವುದಿಲ್ಲ.

ಇದಕ್ಕೆ ನಮ್ಮ ಕಡೆಯ ದೃಷ್ಟಾಂತಗಳೇ ಸಾಕು. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರ ನಮ್ಮ ರಾಮದೇವರ ಬೆಟ್ಟದ ಬಂಡೆಗಳಲ್ಲೇ ತಯಾರಾಯಿತು. ಅದರಲ್ಲಿ ಗೆಳೆಯರಿಬ್ಬರು ಪಕ್ಕದ ತೊಟ್ಟಿಲು ಕಟ್ಟಿದ ಮೋಟಾರ್‌ಸೈಕಲ್ಲಿನಲ್ಲಿ ಹೋಗುವುದನ್ನು ನೋಡದವರಿಲ್ಲ. ಇಂಗ್ಲೆಂಡಿನ ಬಿಎಸ್‌ಎ ಕಂಪನಿಯ ಡಬ್ಲ್ಯುಎಂ20 ಅದು, ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಗಾಡಿ. ತಯಾರಾಗಿ ಮೂರು ದಶಕವಾದ ಮೇಲೂ ಕ್ಯಾಮೆರಾ ಮುಂದೆ ಓಡಿತೆಂದರೆ ಅದನ್ನು ಓಡುವಂತೆ ಇಟ್ಟ ಕೈಗಳು ಇಲ್ಲಿದ್ದವು. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಬೈಕು ತಯಾರಾಗುತ್ತಿತ್ತು, ಮುಂದೆ ಅದೇ ಯೆಜ್ಡಿಯಾಯಿತು. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಆ ಬೈಕುಗಳು ಇವತ್ತಿಗೂ ಓಡುತ್ತಿವೆ. ಕಾರ್ಖಾನೆ ಹೋದ ಮೇಲೂ ಅದರ ಕಾರ್ಬ್ಯುರೇಟರಿನ ಗುಟ್ಟು ತಿಳಿದ ಮೆಕ್ಯಾನಿಕ್ಕುಗಳು ಉಳಿದರು. ಮೈಸೂರಿಗೆ ಹೋಗುವಾಗ ಶ್ರೀರಂಗಪಟ್ಟಣದ ಬಳಿ ‘ಪಯಣ’ ಸಂಗ್ರಹಾಲಯವಿದೆ, ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳು ಅಲ್ಲಿವೆ. ಬಿಡುವಿದ್ದಾಗ ಹೋಗಿ ಆ ಹಿತ್ತಾಳೆಯ ಹೊಳಪು ನೋಡಿ. ಕೊಂಡ ದುಡ್ಡಿಗಿಂತ ಒರೆಸಿದ ಕೈ ಅಲ್ಲಿ ಹೆಚ್ಚು ಕಾಣುತ್ತದೆ.

ಹೊರಗಿನಿಂದ ಬಂದದ್ದನ್ನು ನಮ್ಮ ಸೀಮೆ ಯಾವತ್ತೂ ದೂರ ಇಟ್ಟದ್ದಿಲ್ಲ. ಅರಗಿನ ಬೊಂಬೆಯ ಕಲೆಗೆ ಟಿಪ್ಪು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದ್ದನೆಂದು ಚನ್ನಪಟ್ಟಣದಲ್ಲಿ ಹೇಳುತ್ತಾರೆ. ಜಪಾನಿನ ಬೊಂಬೆ ಮಾಡುವ ರೀತಿಗಳನ್ನು ಬಾವಾಸ್ ಮಿಯಾನ್ ಇಲ್ಲಿಗೆ ಹೊಂದಿಸಿದರೆಂದೂ ನೆನೆಯುತ್ತಾರೆ. ಈಗ ಅದೇ ಬೊಂಬೆಗೆ ಚನ್ನಪಟ್ಟಣದ ಹೆಸರಿನಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ರೇಷ್ಮೆಯೂ ಹಾಗೆಯೇ. ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿ ಜಪಾನಿನ ತಜ್ಞರನ್ನು ಕರೆಸಿದ್ದರು. 1990ರ ದಶಕದಲ್ಲಿ ಜಪಾನಿನ ಜೈಕಾ ಸಂಸ್ಥೆಯ ನೆರವಿನಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಸಿಎಸ್‌ಆರ್ ಎಂಬ ದ್ವಿತಳಿಗಳನ್ನು ಬೆಳೆಸಿತು. ನಮ್ಮ ಮಾರುಕಟ್ಟೆಯ ಮಿಶ್ರತಳಿ ಗೂಡಿನ ತಾಯಿ ಮಾಗಡಿ, ಕುಣಿಗಲ್ ಕಡೆಯ ಮೈಸೂರು ತಳಿ, ತಂದೆ ದ್ವಿತಳಿ. ತಾಯಿ ಇಲ್ಲಿಯ ಬಿಸಿಲು ತಡೆಯುತ್ತಾಳೆ, ತಂದೆ ಉದ್ದನೆಯ ನೂಲು ಕೊಡುತ್ತಾನೆ.

ಕಾರಿನ ಕತೆಯೂ ಬಿಡದಿಯಲ್ಲಿ ಹೀಗೆಯೇ ನಡೆಯಿತು. ಟೊಯೊಟಾ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ಶುರುವಾಗಿ, 2000ದ ಹೊತ್ತಿಗೆ ಕ್ವಾಲಿಸ್ ರಸ್ತೆಗಿಳಿಯಿತು. 2005ರಲ್ಲಿ ಇನ್ನೋವಾ. ಇಂಡೊನೇಷ್ಯಾದ ಕಿಜಾಂಗ್ ಎಂಬ ಗಾಡಿಯನ್ನು ನಮ್ಮ ರಸ್ತೆಗೆ, ನಮ್ಮ ದೊಡ್ಡ ಕುಟುಂಬಗಳಿಗೆ ಹೊಂದಿಸಿ ಕ್ವಾಲಿಸ್ ಮಾಡಿದ್ದರು. 2007ರಲ್ಲಿ ಅಲ್ಲೇ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ತೆರೆದು, ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಮಕ್ಕಳನ್ನು ಆರಿಸಿ ಮೂರು ವರ್ಷ ಅಲ್ಲೇ ಇಟ್ಟುಕೊಂಡು ಕೆಲಸ ಕಲಿಸತೊಡಗಿದರು. ನನ್ನ ಶಿಷ್ಯರಲ್ಲಿ ಕೆಲವರು ಅಲ್ಲಿ ಕಲಿತವರು. ಅವರ ಕೈಯಲ್ಲಿ ಒಂದು ನಟ್ಟು ಸಡಿಲವಾಗಿ ಉಳಿಯುವುದಿಲ್ಲ.

ಭಾನುವಾರ ಫೋನು ಬಂತು. ಲೆಕ್ಕವೆಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿದ. ಬೇಸರವಾಯಿತೆಂದು ನನಗೆ ಗೊತ್ತು. ಮೂರು ವರ್ಷದವನ ಕೈಯಿಂದ ಕೆಂಪು ಕಾರು ಕಿತ್ತುಕೊಂಡಷ್ಟೇ ಸಂಕಟ ನನಗೂ ಆಯಿತು. ಆಮೇಲೆ ಭಾಯ್ ಹೇಳಿ ಕಳಿಸಿದ್ದನ್ನು ಹೇಳಿದೆ.

“ಕಾರ್ ಅಲ್ಲೇ ತಗೊಳ್ಲಿ, ಅಲ್ಲೇ ಆಸೆ ತೀರೋವಷ್ಟು ಓಡಿಸ್ಲಿ. ಇರೋ ಒಂದು ವರ್ಷ ಯಾವ್ದಾದ್ರೂ ಗ್ಯಾರೇಜಿಗೆ ಹೋಗಿ ಬಿಚ್ಚೋದು ಜೋಡ್ಸೋದು ಕಲ್ತ್ಕೊಂಡ್ ಬರ್ಲಿ. ಅದಕ್ಕೆ ಸುಂಕ ಇಲ್ಲ. ಬಂದ್ಮೇಲೆ ನಂಗೂ ಹೇಳ್ಕೊಡ್ಲಿ.”

ಅವನು ನಕ್ಕ. ಹಾಗೇ ಮಾಡ್ತೀನಿ ಮಾವ ಅಂದ. ಹೋದ ವಾರ ಹಚಿ-ರೊಕುವನ್ನು ಕೊಂಡಿದ್ದಾನೆ. ರಜಾದಿನ ಒಂದು ಸಣ್ಣ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಾನೆ. ವಾಪಸು ಬರುವಾಗ ಕಾರನ್ನು ಅಲ್ಲೇ ಮಾರಿ ಬರುತ್ತಾನೆ.

ವಿದೇಶದಿಂದ ಕಾರು ತರುವ ಆಸೆಯಿರುವ ನಮ್ಮ ಮಕ್ಕಳಿಗೆ, ಅವರ ತಂದೆತಾಯಿಗಳಿಗೆ ನನ್ನದೊಂದು ಕೋರಿಕೆ. ಕಾರಿನ ಚಿತ್ರ ನೋಡುವ ಮೊದಲು ಅದು ತಯಾರಾದ ತಿಂಗಳು, ವರ್ಷ ನೋಡಿ. ಬೆಲೆ ಕೇಳುವ ಮೊದಲು ಸುಂಕವನ್ನು ಕಾಗದದ ಮೇಲೆ ಬರೆದು ಕೂಡಿ. ಮುಂಗಡ ಕಳಿಸುವ ಮೊದಲು ನಿಮ್ಮೂರಿನಲ್ಲಿ, ಹೋಗಲಿ ನಿಮ್ಮ ಜಿಲ್ಲೆಯಲ್ಲಿ, ಆ ಕಾರನ್ನು ಬಿಚ್ಚಿ ಜೋಡಿಸಬಲ್ಲ ಒಬ್ಬರು ಇದ್ದಾರೆಯೇ ಎಂದು ವಿಚಾರಿಸಿ. ಇದ್ದರೆ ಸಂತೋಷವಾಗಿ ತನ್ನಿ. ಇಲ್ಲದಿದ್ದರೆ ಆ ದುಡ್ಡನ್ನು ಬ್ಯಾಂಕಿನಲ್ಲಿಡಿ. ಮುಂದಿನ ಸಲ ಮೈಸೂರಿಗೆ ಹೋಗುವಾಗ ಬೈಪಾಸು ಬಿಟ್ಟು ಚನ್ನಪಟ್ಟಣದ ಹಳೆಯ ರಸ್ತೆಗೆ ಇಳಿಯಿರಿ, ಮನೆಯ ಮಗುವಿಗೆ ಒಂದು ಮರದ ಕಾರು ಕೊಂಡುಕೊಳ್ಳಿ. ಚಕ್ರ ಸೀಳಿದರೆ ಹಾಕಿಕೊಡುವವರು ಅಲ್ಲೇ ಇದ್ದಾರೆ.